ಕ್ಯಾಸನೂರಿನ ಜ್ವರ: ವೈರಸ್ ಬೇಗ ಸಿಕ್ಕಿತು, ಪರಿಹಾರ ಯಾಕೆ ಇಷ್ಟು ತಡ?

1957ರ ಬೇಸಿಗೆ. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದೊಂದಾಗಿ ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರೂ ಜ್ವರ ಬಂದು ಮಲಗುತ್ತಿದ್ದರು. ಇದ್ದಕ್ಕಿದ್ದಂತೆ ಏರುವ ಜ್ವರ, ಸಿಡಿಯುವ ತಲೆನೋವು, ಎದ್ದು ಕೂರಲೂ ಆಗದಷ್ಟು ಮೈಕೈ ನೋವು. ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ. ಮೊದಮೊದಲು ಇದು ಟೈಫಾಯ್ಡ್ ಥರದ್ದೇನೋ ಅಂದುಕೊಂಡರು.

ಈಗ ಮಂಗನ ಕಾಯಿಲೆ ಅಂತ ಕರೆಯುವ ಈ ರೋಗಕ್ಕೆ ಕಾರಣವಾದ ವೈರಸ್ ಅದೇ ವರ್ಷ ಸಿಕ್ಕಿತು. ಅದು ಉಣುಗಿನಿಂದ ಹರಡುತ್ತದೆ ಅನ್ನುವುದೂ ಗೊತ್ತಾಯಿತು. ಆದರೆ ಇವತ್ತಿಗೂ ಡಿಸೆಂಬರ್ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆ ಮಂಗ ಸತ್ತ ಸುದ್ದಿಗೆ ಜನ ಹೆದರುತ್ತಾರೆ. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೇ ಅಂತ ಔಷಧಿ ಇಲ್ಲ. ಲಕ್ಷಣ ನೋಡಿಕೊಂಡು ಆರೈಕೆ ಮಾಡಬೇಕು, ಅಷ್ಟೇ.

ಸುಮಾರು ಎಪ್ಪತ್ತು ವರ್ಷವಾದರೂ ಹೀಗಿದೆ ಅಂದರೆ ವಿಜ್ಞಾನ ಸೋತಿದೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾರಣ ತಿಳಿಯುವುದು ಒಂದು ಕೆಲಸ. ಆ ತಿಳಿವಳಿಕೆಯಿಂದ ಲಸಿಕೆಯನ್ನೋ, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯನ್ನೋ ಮಾಡುವುದು ಇನ್ನೊಂದು ಕೆಲಸ. ಅದು ಬೆಟ್ಟಕ್ಕೆ ದರಗು (ಒಣಗಿದ ಎಲೆ) ತರಲು ಹೋಗುವವರಿಗೆ ಹೊತ್ತಿಗೆ ಸರಿಯಾಗಿ ತಲುಪುವುದು ಮೂರನೆಯದು. ಮೂರೂ ಬೇರೆ ಬೇರೆ ಕೆಲಸ, ಮೂರಕ್ಕೂ ಬೇರೆ ಬೇರೆ ಪುರಾವೆ ಬೇಕು. ಮೊದಲನೆಯದರಲ್ಲಿ ಗೆದ್ದ ಮೇಲೆ ಉಳಿದೆರಡು ತಾವಾಗಿಯೇ ಆಗುತ್ತವೆ ಅಂದುಕೊಂಡಲ್ಲೇ ನಾವು ಎಡವಿದ್ದು.

ಊಹೆಯನ್ನು ಮುರಿದು ನೋಡುವುದು

ಪುಣೆಯಲ್ಲಿ 1952ರಲ್ಲಿ ಒಂದು ವೈರಸ್ ಸಂಶೋಧನಾ ಕೇಂದ್ರ ಶುರುವಾಗಿತ್ತು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ ಕಟ್ಟಿದ ಕೇಂದ್ರ ಅದು. ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆಯ ಮೂಲ ರೂಪ. ಮಂಗಗಳು ಸಾಯುತ್ತಿವೆ ಅನ್ನುವ ಸುದ್ದಿ ಅಲ್ಲಿಗೆ ಮುಟ್ಟಿದಾಗ ವಿಜ್ಞಾನಿಗಳ ತಲೆಗೆ ಮೊದಲು ಬಂದದ್ದು ಹಳದಿ ಜ್ವರ. ಈ ಊಹೆ ಸುಮ್ನೆ ಹುಟ್ಟಿದ್ದಲ್ಲ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮೊದಲು ಮಂಗಗಳು ಸಾಯುತ್ತವೆ, ಆಮೇಲೆ ಮನುಷ್ಯರು. ಏಷ್ಯಾದಲ್ಲಿ ಈ ರೋಗ ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮ ಮನೆಮನೆಯಲ್ಲೂ ಇತ್ತು. ಊಹೆ ನಿಜವಾಗಿದ್ದರೆ ಇಡೀ ದೇಶಕ್ಕೇ ಅಪಾಯ.

ಇಲ್ಲಿ ತರ್ಕ ಹೇಗೆ ನಡೆಯಿತು ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಹಳದಿ ಜ್ವರವೇ ಆಗಿದ್ದರೆ ಏನೇನು ಕಾಣಬೇಕು ಅಂತ ಮೊದಲು ಕೇಳಿಕೊಳ್ಳಬೇಕು. ರೋಗವನ್ನು ಸೊಳ್ಳೆ ಹರಡುತ್ತಿರಬೇಕು. ಹಳದಿ ಜ್ವರದ ವಿರುದ್ಧ ಕೆಲಸ ಮಾಡುವ ಪ್ರತಿಕಾಯಗಳು (ರೋಗಾಣುವನ್ನು ತಡೆಯಲು ರಕ್ತದಲ್ಲಿ ಹುಟ್ಟುವ ವಸ್ತುಗಳು) ಈ ವೈರಸ್ಸನ್ನೂ ತಡೆಯಬೇಕು. ಇವು ಕಾಣದಿದ್ದರೆ ಊಹೆಯನ್ನು ಬಿಡಬೇಕು, ಎಷ್ಟೇ ಚೆನ್ನಾಗಿ ಹೊಂದುವಂತೆ ಕಂಡರೂ ಸರಿ. ಪುಣೆ ಕೇಂದ್ರದ ಟೆಲ್ಫರ್ಡ್ ವರ್ಕ್ ಮುಂದಾಳತ್ವದ ತಂಡ ಕಾಡಿಗೆ ಬಂದು ಸತ್ತ ಮಂಗಗಳಿಂದ, ಜ್ವರ ಬಂದವರ ರಕ್ತದಿಂದ ಮಾದರಿ ತೆಗೆದುಕೊಂಡಿತು. ಅದನ್ನು ಇಲಿಮರಿಗಳಿಗೆ ಚುಚ್ಚಿ ವೈರಸ್ ಬೆಳೆಸಿದರು. ಮಂಗದಲ್ಲೂ ಮನುಷ್ಯನಲ್ಲೂ ಸಿಕ್ಕಿದ್ದು ಒಂದೇ ವೈರಸ್. ಹಳ್ಳಿಯವರು ಮೊದಲೇ ಜೋಡಿಸಿಕೊಂಡಿದ್ದ ಎರಡು ಸಂಗತಿಗಳ ನಡುವಿನ ನಂಟಿಗೆ ಆಗ ಪುರಾವೆ ಸಿಕ್ಕಿತು.

ಆ ವೈರಸ್ ಹಳದಿ ಜ್ವರದ್ದಲ್ಲ. ರಷ್ಯಾದ ಸೈಬೀರಿಯಾ ಕಡೆ ಉಣುಗು ಕಚ್ಚಿ ಬರುವ ಮಿದುಳು ಜ್ವರವೊಂದಿದೆ. ಅದರ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ. ಹಾಗಿದ್ದರೆ ಇಲ್ಲೂ ಹರಡುವುದು ಉಣುಗೇ ಇರಬೇಕಲ್ಲವೇ? ಕಾಡಿನ ನೆಲದ ಮೇಲಿನ ಉಣುಗು ಹಿಡಿದು ನೋಡಿದರೆ ಅದರಲ್ಲೂ ಅದೇ ವೈರಸ್. ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಜಾತಿಯದು ಮುಖ್ಯ ಆರೋಪಿಯಾಯಿತು. ಕೆಲಸ ಸುಲಭದ್ದೇನೂ ಆಗಿರಲಿಲ್ಲ. ಈ ವೈರಸ್ ಎಷ್ಟು ಅಪಾಯಕಾರಿ ಅಂದರೆ ಪ್ರಯೋಗಾಲಯದಲ್ಲಿ ಅದನ್ನು ಮುಟ್ಟಿ ಕೆಲಸ ಮಾಡಿದ ಎಷ್ಟೋ ಜನರಿಗೇ ಕಾಯಿಲೆ ಬಂದಿದೆ. ನಾವು ಇವತ್ತು ಒಂದು ಸಾಲಿನಲ್ಲಿ ಓದಿಬಿಡುವ ಮಾಹಿತಿಯ ಹಿಂದೆ ಅವರ ಜ್ವರವೂ ಇದೆ.

ಸಂಬಂಧಿಯ ಲಸಿಕೆ ಕೆಲಸ ಮಾಡಲಿಲ್ಲ

ಸೈಬೀರಿಯಾದ ಜ್ವರಕ್ಕೆ ಆಗಲೇ ಒಂದು ಲಸಿಕೆ ಇತ್ತು. ಎರಡೂ ವೈರಸ್ ಹತ್ತಿರದ ಸಂಬಂಧಿಗಳು, ಆದ್ದರಿಂದ ಆ ಲಸಿಕೆ ಇಲ್ಲೂ ರಕ್ಷಣೆ ಕೊಡಬಹುದು. ಕೇಳಿದರೆ ಯಾರಿಗಾದರೂ ಸರಿ ಅನ್ನಿಸುವ ಯೋಚನೆ. ಶಿವಮೊಗ್ಗ ಜಿಲ್ಲೆಯಲ್ಲಿ ಸಾವಿರಾರು ಜನರಿಗೆ ಹಾಕಿದರು. ಆಮೇಲೆ ಲೆಕ್ಕ ತೆಗೆದು ನೋಡಿದರೆ ಕ್ಯಾಸನೂರಿನ ಜ್ವರವನ್ನು ಅದು ತಡೆದಿರಲಿಲ್ಲ. 1962ರಲ್ಲಿ ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದರು.

ಈ ಘಟನೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಅಂತ ನನಗನ್ನಿಸುತ್ತದೆ. ತರ್ಕ ಚೆನ್ನಾಗಿತ್ತು, ಮಾಡಿದವರು ತಿಳಿದವರು, ಉದ್ದೇಶವೂ ಒಳ್ಳೆಯದು. ಆದರೂ ತಪ್ಪಾಯಿತು. ಜನರ ನಡುವೆ ಲೆಕ್ಕ ಇಟ್ಟು ನೋಡದೇ ಇದ್ದಿದ್ದರೆ ವರ್ಷಗಟ್ಟಲೆ ಆ ಲಸಿಕೆಯನ್ನೇ ಚುಚ್ಚುತ್ತಿದ್ದರು.

ಲೆಕ್ಕ ಇಡುವುದು ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಈ ಕಾಯಿಲೆಯೇ ಒಳ್ಳೆಯ ಉದಾಹರಣೆ. ಜ್ವರ ಡಿಸೆಂಬರ್ ಹೊತ್ತಿಗೆ ಶುರುವಾಗಿ ಬೇಸಿಗೆಯಲ್ಲಿ ಏರುತ್ತದೆ, ಮಳೆ ಹಿಡಿದ ಮೇಲೆ ತಾನಾಗಿ ನಿಲ್ಲುತ್ತದೆ. ಈಗ ಯಾರೋ ಒಬ್ಬರು ಮೇ ತಿಂಗಳಲ್ಲಿ ಊರಿಗೆಲ್ಲ ಒಂದು ಕಷಾಯ ಹಂಚಿದರು ಅನ್ನಿ. ಜೂನ್‌ನಲ್ಲಿ ಜ್ವರ ಮಾಯ. ಕುಡಿದವರೆಲ್ಲ ಅದರ ಗುಣ ಹೊಗಳುತ್ತಾರೆ, ಮತ್ತು ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕಷಾಯ ಕುಡಿಯದ ಪಕ್ಕದ ಊರಿನಲ್ಲೂ ಜೂನ್‌ನಲ್ಲಿ ಜ್ವರ ನಿಂತಿತ್ತೇ? ಅದನ್ನು ಕೇಳದೆ ಏನೂ ಹೇಳಲಾಗದು. ಹೋಲಿಸಿ ನೋಡಲು ಇನ್ನೊಂದು ಗುಂಪು ಬೇಕು ಅಂತ ವಿಜ್ಞಾನಿಗಳು ಹಟ ಹಿಡಿಯುವುದು ಇದಕ್ಕೇ. ಕಷಾಯ ಇದ್ದ ಜಾಗದಲ್ಲಿ ಸರ್ಕಾರದ ಲಸಿಕೆ ಇಟ್ಟರೂ ಪ್ರಶ್ನೆ ಬದಲಾಗುವುದಿಲ್ಲ.

ಅಲ್ಲೇ ಯಾಕೆ, ಆಗಲೇ ಯಾಕೆ?

ವೈರಸ್ ಸೈಬೀರಿಯಾದ ಕಡೆಯದರ ಸಂಬಂಧಿ ಅಂದ ಕೂಡಲೇ ಇನ್ನೊಂದು ಊಹೆ ಹುಟ್ಟಿತು. ಚಳಿಗಾಲಕ್ಕೆ ಉತ್ತರದಿಂದ ಹಾರಿ ಬರುವ ಹಕ್ಕಿಗಳ ಮೈಮೇಲಿನ ಉಣುಗು ಇದನ್ನು ತಂದಿರಬಹುದೇ? ಇದನ್ನು ಪರೀಕ್ಷಿಸಲು ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ಹಾಕಿ ಬಿಡುವ ದೊಡ್ಡ ಕೆಲಸವೇ ನಡೆಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಅದರ ಮುಂದಾಳು, ವಿಶ್ವ ಆರೋಗ್ಯ ಸಂಸ್ಥೆಯ ನೆರವೂ ಇತ್ತು. ಹಕ್ಕಿಗಳ ಪ್ರಯಾಣದ ಬಗ್ಗೆ ಬಹಳ ತಿಳಿಯಿತು, ಆದರೆ ಈ ರೋಗವನ್ನು ಅವು ತಂದವು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಮುಂದೆ ಈ ಹಕ್ಕಿ ಅಧ್ಯಯನಕ್ಕೆ ಅಮೆರಿಕದ ಸೈನ್ಯದ ಹಣವೂ ಬಂತು. ಹೊರದೇಶದ ಹಣದಲ್ಲಿ ನಡೆಯುವ ಇಂಥ ಸಂಶೋಧನೆಗಳ ಉದ್ದೇಶವೇನು ಅಂತ 1970ರ ದಶಕದಲ್ಲಿ ಸಂಸತ್ತಿನ ಸಮಿತಿಯೇ ಪ್ರಶ್ನೆ ಎತ್ತಿತು. ಆ ಪ್ರಶ್ನೆ ನ್ಯಾಯವಾದದ್ದೇ. ಯಾರ ರಕ್ತ ತೆಗೆದು ಅಧ್ಯಯನ ಮಾಡುತ್ತೀರೋ, ಯಾರ ಕಾಡಿಗೆ ಬರುತ್ತೀರೋ, ಅವರಿಗೆ ಅದನ್ನು ಕೇಳುವ ಹಕ್ಕಿದೆ.

ಕಾರಣ ಹುಡುಕುವುದರಲ್ಲಿ ಬೇರೆ ದಾರಿ ಹಿಡಿದವರು ಕೊಲಂಬಿಯಾ ದೇಶದ ವೈದ್ಯ ಹೋರ್ಹೆ ಬೋಷೆಲ್. ಅವರು ತಮ್ಮ ದೇಶದಲ್ಲಿ ಕಾಡಿನ ಹಳದಿ ಜ್ವರವನ್ನು ಅಭ್ಯಾಸ ಮಾಡಿದ್ದವರು. ಅಲ್ಲಿ ಮರ ಕಡಿಯುವವರಿಗೇ ರೋಗ ಯಾಕೆ ಜಾಸ್ತಿ ಅನ್ನುವ ಪ್ರಶ್ನೆಗೆ ಅವರಿಗೆ ಉತ್ತರ ಸಿಕ್ಕಿದ್ದು ಕಾಡಿನಲ್ಲೇ ನಿಂತು ನೋಡಿದಾಗ. ಮರ ಉರುಳಿದ ಕೂಡಲೇ ತುದಿಯಲ್ಲಿದ್ದ ಸೊಳ್ಳೆಗಳು ಕೆಳಗಿನವರನ್ನು ಮುತ್ತುತ್ತಿದ್ದವು. ಮಲೆನಾಡಿಗೆ ಬಂದಾಗಲೂ ಅವರು ಅದೇ ಕಣ್ಣಿನಿಂದ ನೋಡಿದರು. ಜನ ಹೆಚ್ಚಿದ್ದಾರೆ, ಕಾಡು ಸವರಿ ಗದ್ದೆ ಮಾಡಿದ್ದಾರೆ, ಕಾಡಂಚಿನಲ್ಲಿ ಲಂಟಾನ ಪೊದೆ ಎದ್ದಿದೆ, ದನಗಳು ಕಾಡಿನೊಳಗೇ ಮೇಯುತ್ತಿವೆ. ವೈರಸ್ ಹಿಂದಿನಿಂದಲೂ ಕಾಡಿನಲ್ಲಿ ಸದ್ದಿಲ್ಲದೆ ಇದ್ದಿರಬಹುದು, ಈ ಬದಲಾವಣೆಗಳಿಂದ ಉಣುಗು ವಿಪರೀತ ಹೆಚ್ಚಿ ಅದು ಹೊರಗೆ ಬಂತು ಅನ್ನುವುದು ಅವರ ವಾದ.

ಇದು ಅರ್ಥವಾಗಬೇಕಾದರೆ ಉಣುಗಿನ ವರ್ಷಚಕ್ರ ತಿಳಿದಿರಬೇಕು. ಮಳೆಗಾಲದಲ್ಲಿ ದೊಡ್ಡ ಉಣುಗು ದನದಂಥ ದೊಡ್ಡ ಪ್ರಾಣಿಗಳ ರಕ್ತ ಕುಡಿದು ಉಬ್ಬಿ ನೆಲಕ್ಕೆ ಬಿದ್ದು ರಾಶಿ ರಾಶಿ ಮೊಟ್ಟೆ ಇಡುತ್ತದೆ. ಮಳೆ ಕಡಿಮೆಯಾಗುವ ಹೊತ್ತಿಗೆ ಮರಿಗಳು ಹೊರಬಂದು ಇಲಿ, ಹೆಗ್ಗಣ, ಮಂಗಗಳ ಮೈ ಹತ್ತುತ್ತವೆ. ಅಲ್ಲಿ ವೈರಸ್ ಅಂಟಿಕೊಳ್ಳುತ್ತದೆ. ಪೊರೆ ಬಿಟ್ಟು ಮುಂದಿನ ಹಂತಕ್ಕೆ ಬಂದಾಗಲೂ ವೈರಸ್ ಒಳಗೇ ಉಳಿಯುತ್ತದೆ. ಈ ಎಳೆಯ ಉಣುಗು ಎಳ್ಳಿನಷ್ಟೂ ದೊಡ್ಡದಿರುವುದಿಲ್ಲ, ಒಣಗಿದ ಎಲೆಗಳ ಮೇಲೆ ಕಾಯುತ್ತಿರುತ್ತದೆ. ನವೆಂಬರ್‌ನಿಂದ ಮೇವರೆಗೆ ಇದರ ಕಾಲ. ಸರಿಯಾಗಿ ಅದೇ ಕಾಲದಲ್ಲಿ ಮಲೆನಾಡಿನವರು ಕೊಟ್ಟಿಗೆಗೆ ಹಾಸಲು, ಅಡಿಕೆ ತೋಟಕ್ಕೆ ಹೊದಿಸಲು ದರಗು ಗುಡಿಸಿ ತರುತ್ತಾರೆ. ಸೌದೆಗೂ ಹೋಗುತ್ತಾರೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಇಲ್ಲಿ ದನದ ಪಾತ್ರ ವಿಚಿತ್ರ. ದನಕ್ಕೆ ಕಾಯಿಲೆ ಬರುವುದಿಲ್ಲ, ಅದರ ರಕ್ತದಲ್ಲಿ ವೈರಸ್ ಹೇಳಿಕೊಳ್ಳುವಷ್ಟು ಬೆಳೆಯುವುದೂ ಇಲ್ಲ. ವೈರಸ್ಸನ್ನು ಮಾತ್ರ ಹುಡುಕಿಕೊಂಡು ಹೋದರೆ ದನ ಈ ಕತೆಯಲ್ಲಿ ಕಾಣುವುದೇ ಇಲ್ಲ. ಆದರೆ ಉಣುಗಿನ ಸಂಖ್ಯೆ ನೋಡಿದರೆ ಅದೇ ಮುಖ್ಯ. ಇನ್ನು ಮಂಗ. ಜನರ ಸಿಟ್ಟೆಲ್ಲ ತಿರುಗುವುದು ಅದರ ಮೇಲೆ. ಆದರೆ ಮುಸುವ ಮತ್ತು ಕೆಂಪು ಮೂತಿಯ ಮಂಗಗಳು ನಮಗಿಂತ ಮೊದಲು ಈ ಕಾಯಿಲೆಗೆ ಸಾಯುವ ಪ್ರಾಣಿಗಳು. ಸತ್ತ ಮಂಗದ ಮೈಮೇಲಿನ ಉಣುಗು ಅಲ್ಲೇ ಕೆಳಗೆ ಉದುರುವುದರಿಂದ ಆ ಜಾಗ ಅಪಾಯದ್ದಾಗುತ್ತದೆ ಅನ್ನುವುದು ನಿಜ. ಆದರೆ ಮಂಗ ಸತ್ತಿದೆ ಅನ್ನುವುದೇ ನಮಗೆ ಸಿಗುವ ಮೊದಲ ಎಚ್ಚರಿಕೆಯೂ ಹೌದು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ರೋಗಿಯನ್ನು ದೂರ ಇಡುವ ಅಗತ್ಯ ಒಂದಿಷ್ಟೂ ಇಲ್ಲ.

ಬೋಷೆಲ್ ಅವರ ವಾದಕ್ಕೆ ಹೋಲುವ ಘಟನೆಗಳು ಮುಂದೆಯೂ ಕಂಡವು. 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ ಕಾಡು ಕಡಿದು ಗೇರು ನೆಡಲು ಹೊರಟಾಗ ದೊಡ್ಡ ಪ್ರಮಾಣದಲ್ಲಿ ರೋಗ ಎದ್ದಿತು, ಸಾವಿರಕ್ಕೂ ಹೆಚ್ಚು ಜನರಿಗೆ ತಗಲಿತು. 2012ರಿಂದ ಈಚೆಗೆ ಬಂಡೀಪುರ, ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿತು. ಗೋವಾದಲ್ಲಿ ಗೇರು ತೋಟದ ಕೆಲಸಗಾರರಿಗೇ ಜಾಸ್ತಿ ಬಂತು. ಇತ್ತೀಚೆಗೆ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳ ಜೊತೆ ಕೂತು ಅಪಾಯದ ನಕ್ಷೆ ಮಾಡಿದ್ದಾರೆ. ನಿತ್ಯಹಸಿರು ಕಾಡು ಮತ್ತು ತೋಟ ಬೆರೆತ ಕಡೆ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಜಾಸ್ತಿ ಅಂತ ಅದು ಹೇಳುತ್ತದೆ. ಆದರೂ ಒಂದು ಎಚ್ಚರ ಬೇಕು. ಹುಡುಕಿದ ಕಡೆ ರೋಗ ಸಿಗುತ್ತದೆ. ಹೊಸ ಜಿಲ್ಲೆಗಳಲ್ಲಿ ಕಂಡದ್ದು ಪೂರ್ತಿ ಹೊಸ ಹರಡುವಿಕೆಯೋ, ಅಥವಾ ಈಗಿನ ಪಿಸಿಆರ್ ಪರೀಕ್ಷೆ ಬಂದ ಮೇಲೆ ಗೊತ್ತಾದದ್ದೋ? ಎರಡೂ ಸ್ವಲ್ಪ ಸ್ವಲ್ಪ ಇರಬಹುದು.

ನೂರಕ್ಕೆ 62 ಅಂದರೇನು?

1990ರ ಹೊತ್ತಿಗೆ ಕರ್ನಾಟಕದಲ್ಲಿ ನಮ್ಮದೇ ಲಸಿಕೆ ಬಂತು. ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಮಾಡಿದ್ದು. ಆರಂಭದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ನೂರಕ್ಕೆ 93ರಷ್ಟು ರಕ್ಷಣೆ ಕಂಡಿತು. 2005ರಿಂದ 2010ರವರೆಗಿನ ಲೆಕ್ಕ ಹಿಡಿದು ಮಾಡಿದ ಇನ್ನೊಂದು ಅಧ್ಯಯನದಲ್ಲಿ ಅದೇ ಎರಡು ಡೋಸಿಗೆ 62, ಬೂಸ್ಟರ್ ಕೂಡ ಪಡೆದವರಿಗೆ 83.

62 ಅಂದರೆ ಲಸಿಕೆ ಪಡೆದ ನೂರು ಜನರಲ್ಲಿ 38 ಜನರಿಗೆ ಜ್ವರ ಬರುತ್ತದೆ ಅಂತಲ್ಲ. ಲಸಿಕೆ ಇಲ್ಲದಿದ್ದರೆ ನೂರು ಜನರಿಗೆ ಬರಬೇಕಾದ ಜಾಗದಲ್ಲಿ 38 ಜನರಿಗೆ ಬರುತ್ತದೆ ಅಂತ. ಒಂದು ಊರು ಇಟ್ಟುಕೊಂಡು ಲೆಕ್ಕ ಮಾಡೋಣ, ಅಂಕಿ ಉದಾಹರಣೆಗೆ ಮಾತ್ರ. 1000 ಜನ. 900 ಮಂದಿ ಲಸಿಕೆ ಪಡೆದಿದ್ದಾರೆ, 100 ಮಂದಿ ಪಡೆದಿಲ್ಲ. ಪಡೆಯದವರಲ್ಲಿ ಹತ್ತಕ್ಕೊಬ್ಬರಿಗೆ ಜ್ವರ ಬಂತು, ಅಂದರೆ 10 ಜನ. ಪಡೆದ 900 ಜನರಲ್ಲಿ ಲಸಿಕೆ ಇಲ್ಲದಿದ್ದರೆ 90 ಜನರಿಗೆ ಬರಬೇಕಿತ್ತು, ಲಸಿಕೆಯಿಂದ ಸುಮಾರು 34ಕ್ಕೆ ಇಳಿಯಿತು. ಊರಿನಲ್ಲಿ ಒಟ್ಟು 44 ರೋಗಿಗಳು, ಅವರಲ್ಲಿ 34 ಜನ ಲಸಿಕೆ ಹಾಕಿಸಿಕೊಂಡವರು! ‘ಹಾಕಿಸಿಕೊಂಡವರಿಗೇ ಜಾಸ್ತಿ ಬಂದಿದೆ, ನೋಡಿ’ ಅಂತ ಯಾರಾದರೂ ಹೇಳಿದರೆ ಅವರು ಕಂಡದ್ದು ನಿಜ. ಆದರೆ ಅದೇ ಲಸಿಕೆ 56 ಜನರನ್ನು ಉಳಿಸಿದೆ. ಜ್ವರ ಬಾರದ ಆ 56 ಜನ ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಾಗುವುದಿಲ್ಲ.

ಅದಿರಲಿ, 93 ಯಾಕೆ 62 ಆಯಿತು? ಇಂಥ ಅಧ್ಯಯನದಲ್ಲಿ ಲಸಿಕೆ ಪಡೆದವರೂ ಪಡೆಯದವರೂ ಒಂದೇ ಥರದ ಜನ ಆಗಿರಬೇಕೆಂದಿಲ್ಲ. ಆಸ್ಪತ್ರೆಗೆ ಹತ್ತಿರ ಇರುವವರು, ಕಾಡಿಗೆ ಹೋಗುವ ಅಗತ್ಯ ಕಡಿಮೆ ಇರುವವರು ಜಾಸ್ತಿ ಹಾಕಿಸಿಕೊಂಡಿದ್ದರೆ ಲಸಿಕೆ ಇದ್ದದ್ದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ದಿನಾ ಕಾಡಿಗೆ ಹೋಗಿ ಹೆದರಿದವರು ಜಾಸ್ತಿ ಹಾಕಿಸಿಕೊಂಡಿದ್ದರೆ ಕೆಟ್ಟದಾಗಿ ಕಾಣುತ್ತದೆ. ಲಸಿಕೆಯ ಶಕ್ತಿಯೇ ಕುಂದಿರುವ ಸಾಧ್ಯತೆಯೂ ಇತ್ತು. ಇಷ್ಟು ದೊಡ್ಡ ಅಂತರ ಕಂಡಾಗ ಅದರ ಹಿಂದೆ ಬೀಳಬೇಕಿತ್ತು. ಕೊನೆಗೆ ಹಳೆ ಲಸಿಕೆ ಸಾಲದು ಅಂತ ಒಪ್ಪಿಕೊಂಡು ಕೆಲವು ವರ್ಷಗಳ ಹಿಂದೆ ಕೊಡುವುದನ್ನೇ ನಿಲ್ಲಿಸಿದರು. ಅಷ್ಟರಲ್ಲಿ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳು ಆಗಿಹೋಗಿದ್ದವು. ನನಗೆ ಸಿಟ್ಟು ಬರುವುದು ಇಲ್ಲಿ. 1962ರಲ್ಲಿ ತೋರಿಸಿದ ಪ್ರಾಮಾಣಿಕತೆಯನ್ನು ನಮ್ಮದೇ ಲಸಿಕೆಯ ವಿಷಯದಲ್ಲಿ ಇಷ್ಟು ತಡವಾಗಿ ತೋರಿಸಬಾರದಿತ್ತು.

ಊರಿಗೆ ತಲುಪುವ ಮಾತು

ಆ ಹಳೆ ಲಸಿಕೆ ತುಂಬಾ ನೋಯುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೆ. ಕೈ ಊದಿಕೊಂಡರೆ ಒಂದೆರಡು ದಿನದ ಕೂಲಿ ಹೋಯಿತು. ಅಡಿಕೆ ಕೊಯ್ಲಿನ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಪೂರ್ತಿ ಡೋಸ್ ಪಡೆದವರು ಕಡಿಮೆ ಆಗಿದ್ದರಲ್ಲಿ ಆಶ್ಚರ್ಯವಿಲ್ಲ. ಇದನ್ನು ‘ಜನರಿಗೆ ತಿಳಿವಳಿಕೆ ಇಲ್ಲ’ ಅಂತ ಬರೆದು ಮುಗಿಸುವುದು ಅನ್ಯಾಯ. ನೋವು, ಕೂಲಿ, ದೂರ, ಹೊತ್ತು ಎಲ್ಲವೂ ಲಸಿಕೆಯ ಗುಣಗಳೇ. ಅವನ್ನೂ ಪ್ರಯೋಗಾಲಯದಲ್ಲೇ ಯೋಚಿಸಬೇಕು.

ಮೈಗೆ ಹಚ್ಚುವ ಎಣ್ಣೆಯ ಕತೆಯೂ ಹೀಗೇ. ಮೊದಲು ಡಿಎಂಪಿ ಎಣ್ಣೆ, ಈಚೆಗೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓ ರೂಪಿಸಿದ ಡೆಪಾ. ಆಶಾ ಕಾರ್ಯಕರ್ತೆಯರು ಮನೆಮನೆಗೆ ತಂದುಕೊಡುತ್ತಾರೆ. ಹಚ್ಚಿಕೊಂಡರೆ ಉಣುಗು ದೂರ ಇರುತ್ತದೆ, ಆದರೆ ಕೆಲವು ಗಂಟೆ ಮಾತ್ರ. ಬೆವರು ಸುರಿಸಿ ಸೌದೆ ಕಡಿಯುವವರು ಮತ್ತೆ ಹಚ್ಚಬೇಕು, ಬಾಟಲಿ ಜೊತೆಗೇ ಇರಬೇಕು. ‘ಕಾಡಿಗೆ ಹೋಗಬೇಡಿ’ ಅನ್ನುವ ಸಲಹೆಯಂತೂ ತೋಟಕ್ಕೆ ಸೊಪ್ಪು ದರಗು ಬೇಕಾದವರಿಗೆ, ದನ ಕಟ್ಟಿದವರಿಗೆ ಸಲಹೆಯೇ ಅಲ್ಲ. ದನಗಳ ಮೈಗೆ ಉಣುಗಿನ ಔಷಧಿ ಹಾಕುವುದು, ಸತ್ತ ಮಂಗದ ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕುವುದು ನಡೆಯುತ್ತದೆ. ಅದೂ ಯಾರೋ ಒಬ್ಬರು ಮಂಗ ಸತ್ತದ್ದನ್ನು ಕಂಡು, ಮುಟ್ಟದೆ, ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿದರೆ ಮಾತ್ರ. ಜ್ವರ ಬಂದಾಗ ‘ಕಾಡಿಗೆ ಹೋಗಿದ್ದೆ’ ಅಂತ ಡಾಕ್ಟರಿಗೆ ಹೇಳುವುದೂ ಅಷ್ಟೇ ಮುಖ್ಯ. ಇಲ್ಲದಿದ್ದರೆ ಅವರು ಡೆಂಗಿ, ಇಲಿಜ್ವರ ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಈಗ ಐಸಿಎಂಆರ್ ಮತ್ತು ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆ ಮಾಡುತ್ತಿವೆ. ಅದರ ಮುಂದಿರುವ ತೊಡಕು ವಿಚಿತ್ರವಾದದ್ದು. ವರ್ಷಕ್ಕೆ ಕಾಯಿಲೆ ಬರುವವರು ಕೆಲವು ನೂರು ಜನ. ಅವರೂ ಹಲವು ಜಿಲ್ಲೆಗಳ ಹಳ್ಳಿಗಳಲ್ಲಿ ಚದುರಿದ್ದಾರೆ. ಈ ವರ್ಷ ಒಂದು ಊರಿನಲ್ಲಿ ಬಂದದ್ದು ಮುಂದಿನ ವರ್ಷ ಅಲ್ಲೇ ಬರಬೇಕೆಂದಿಲ್ಲ. ಲಸಿಕೆ ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ಅಂತ ಹೇಳಲು ಸಾವಿರಾರು ಜನರನ್ನು ಸೇರಿಸಿ, ಒಂದಕ್ಕಿಂತ ಹೆಚ್ಚು ಬೇಸಿಗೆ ಕಾಯಬೇಕಾಗಬಹುದು. ರಕ್ತದಲ್ಲಿ ಪ್ರತಿಕಾಯ ಎಷ್ಟು ಬೆಳೆಯಿತು ಅಂತ ಅಳೆದು ಊಹಿಸುವ ಹತ್ತಿರದ ದಾರಿಯೂ ಇದೆ, ಆದರೆ ಅದು ಊಹೆಯೇ. ಯಾವ ದಾರಿ ಹಿಡಿದರೂ ಡೋಸ್‌ಗಳು ನವೆಂಬರ್ ಒಳಗೆ ಮುಗಿದಿರಬೇಕು. ಸಂಜೆ ಹೊತ್ತಿಗೆ, ಬೆಟ್ಟದಿಂದ ವಾಪಸ್ ಬಂದವರು ಮನೆಯಲ್ಲಿ ಸಿಗುವಾಗ ಯಾರಾದರೂ ಸಿರಿಂಜ್ ಹಿಡಿದು ಅಲ್ಲಿಗೆ ಹೋಗಬೇಕು. ಮುಂದಿನ ಬೇಸಿಗೆಯಲ್ಲಿ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅನ್ನುವ ಲೆಕ್ಕವನ್ನು ಅದೇ ಹಳ್ಳಿಯವರ ಮುಂದೆ ಇಡಬೇಕು.